ಟಯರು ಬಲ್ಲ ವರ

ಗುಡ್ಡದ ಕಾಲುದಾರಿಯಲ್ಲಿ ತನ್ನ ಜೊತೆ ಸೈಕಲ್ ತುಳಿಯುವವನನ್ನೇ ಮದುವೆಯಾಗುತ್ತೇನೆಂದು ಭಾರ್ಗವಿ ಹಟ ಹಿಡಿದಿದ್ದಳು. ಬಂದ ವರಗಳೆಲ್ಲ ತಮ್ಮ ಕಾರಿನ ಮೈಲೇಜು ಹೇಳಿ, ಉಪ್ಪಿಟ್ಟು ತಿಂದು ಎದ್ದು ಹೋಗಿದ್ದರು. ಚಿರಂತನ ಮಾತ್ರ, "ನಿಮ್ಮ ಸೈಕಲ್ಲಿಗೆ ಯಾವ ಟಯರು?" ಎಂದು ಕೇಳಿದ. ಮರುದಿನವೇ ಅವಳು ಅವನನ್ನು ತುಮಕೂರಿನ ಸೈಕಲ್ ಅಂಗಡಿಗೆ ಕರೆದುಕೊಂಡು ಹೋದಳು.

"ಮುಂದಿನ ಚಕ್ರಕ್ಕೆ ಅಗಲದ್ದು, ಮೈಮೇಲೆ ದೊಡ್ಡ ಬಟನ್ ಉಬ್ಬಿರೋ ಟಯರು ಹಾಕ್ಸಿ. ತಿರುವಿನಲ್ಲಿ ಮಣ್ಣು ಕಚ್ಕೊಳ್ಳುತ್ತೆ," ಎಂದ ಚಿರಂತನ. "ಹಿಂದಿನದಕ್ಕೆ ಸಣ್ಣ ಬಟನ್ ಸಾಕು, ಹಗುರವಾಗಿ ಉರುಳುತ್ತೆ."

"ನಮ್ಮ ದಾರೀಲಿ ಜಾಲಿ ಮುಳ್ಳು ಜಾಸ್ತಿ."

"ಹಾಗಾದ್ರೆ ಟ್ಯೂಬ್‌ಲೆಸ್ಸೇ ತಗೊಳ್ಳಿ. ಕಲ್ಲಿರೋ ಕಡೆ ಗಾಳಿ ಸ್ವಲ್ಪ ಕಮ್ಮಿ ಇಟ್ಕೊಳ್ಳಿ."

ಭಾರ್ಗವಿ ಅಲ್ಲೇ ಮನಸ್ಸಿನಲ್ಲಿ ತಾಳಿ ಕಟ್ಟಿಸಿಕೊಂಡಳು. ಅವನು ಹೇಳಿದ ಟಯರುಗಳನ್ನೇ ಹಾಕಿಸಿದಳು.

"ನೀವೂ ಒಂದು ಸೈಕಲ್ ನೋಡಿ. ಭಾನುವಾರ ಗುಡ್ಡದ ತುದಿಯಿಂದ ಒಟ್ಟಿಗೆ ಇಳಿಯೋಣ."

"ಓಹೋ, ಅದಕ್ಕೇನಂತೆ," ಎಂದ ಅವನು.

ಹೊಸ ಟಯರು ಹೇಗಿದೆಯೆಂದು ನೋಡಲು ಅವಳು ಸೈಕಲ್ ಹತ್ತಿ ಬೀದಿಯಲ್ಲಿ ಒಂದು ಸುತ್ತು ಹೊಡೆದಳು. ಖುಷಿಯಲ್ಲಿ ವಾಪಸು ಬಂದು ಅಂಗಡಿಯ ಮೆಟ್ಟಿಲು ಹತ್ತುವಾಗ, ಚಿರಂತನ ಅಂಗಡಿಯವನ ಕಿವಿಯ ಹತ್ತಿರ ಬಗ್ಗಿ ಕೇಳುತ್ತಿದ್ದ:

"ಮಕ್ಕಳ ಸೈಕಲ್ಲಿಗೆ ಬೀಳದ ಹಾಗೆ ಎರಡೂ ಪಕ್ಕ ಪುಟ್ಟ ಚಕ್ರ ಹಾಕ್ತಾರಲ್ಲ, ಅದು ನನ್ನ ಅಳತೇಲಿ ಸಿಗುತ್ತಾ ಸ್ವಾಮಿ?"