ಮಾವನವರ ಮುಂದೆ

“ತಲೆ ಮೇಲಿನ ಸೆರಗು ತೆಗೀರಿ ಅತ್ತೆ, ಚಿತ್ರದಲ್ಲಿ ನೀವೇ ಇಲ್ಲ, ಬರೀ ಸೀರೆ ಅಂಗಡಿ ಜಾಹೀರಾತು!” ಸೊಸೆ ರಕ್ಷಾ ಕುಂಚ ಕೆಳಗಿಟ್ಟಳು. ಅವಳ ಚಿತ್ರಪ್ರದರ್ಶನಕ್ಕೆ ಇನ್ನೊಂದೇ ವಾರ.

ಶಿವಕ್ಕ ಗೋಡೆಯತ್ತ ನೋಡಿದರು. ತೀರಿಹೋದ ಅವರ ಮಾವ, ಗಂಧದ ಹಾರದೊಳಗಿಂದ ಮೀಸೆ ಸಮೇತ ದಿಟ್ಟಿಸುತ್ತಿದ್ದರು. ಮದುವೆಯಾದಾಗಿನಿಂದ ಅವರೆದುರು ತಲೆಯ ಸೆರಗು ಜಾರಿದ್ದೇ ಇಲ್ಲ. ಊರು ಬಿಟ್ಟು ಬಸವೇಶ್ವರನಗರಕ್ಕೆ ಬಂದರೂ ಆ ಫೋಟೋ ಮುಂದೆ ಅದೇ ಮರ್ಯಾದೆ. “ಮಾವಾರು ಸುಮ್ನ ಬಿಡ್ತಾರೇನವಾ? ‘ಏ ಶಿವಕ್ಕಾ, ಏನದು ತಲಿ?’ ಅಂತಾರ,” ಎಂದು ಅವರ ಗಡಸು ಕೆಮ್ಮನ್ನೂ ಸೇರಿಸಿ ಅಣಕಿಸಿದರು.

“ಅವರ ಮಾತು ಬಿಡಿ. ನಿಮಗೆ ಇಷ್ಟ ಇದ್ಯಾ?”

ಶಿವಕ್ಕನ ಕೆನ್ನೆ ಕೆಂಪಾಯಿತು. ಸ್ಟೂಲು ಹತ್ತಿ, ಫೋಟೋವನ್ನು ಗೋಡೆಯ ಕಡೆ ತಿರುಗಿಸಿದರು. “ಮಾವಾರ, ಒಂದೀಟು ಆ ಕಡೆ ನೋಡ್ರಿ.” ಇಳಿದು, ಸೆರಗು ಸರಿಸಿ, ತುರುಬು ಬಿಚ್ಚಿ, ಬೆಳ್ಳಗಿನ ಕೂದಲನ್ನು ಮಡಿಲಿನವರೆಗೂ ಹರಡಿಕೊಂಡು ಕುಳಿತರು.

“ಈಗ ಬರಿಯವಾ. ಒಂದೆಳಿನೂ ಬಿಡಬ್ಯಾಡ!”