ಫಕೀರಪ್ಪನವರಿಗೆ ಉಳಿಸಿಕೊಟ್ಟ ಎರಡು ತಾಸು

ಇದನ್ನು ಅವಸರದಲ್ಲಿ ಓದಬೇಡಿ... ಚಹಾ ಕುಡಿಯುತ್ತಾ ನಿಧಾನಕ್ಕೆ ಓದಿ.

ಗದಗಿನ ಕಡೆಯ ಒಂದು ಸಣ್ಣ ಊರು. ಅಲ್ಲಿನ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳಿಂದ ಡಯಾಲಿಸಿಸ್ ರೋಗಿಗಳನ್ನು ಕರೆತರಲು ಒಂದು ವ್ಯಾನ್ ಇತ್ತು.

ಸೋಮವಾರ, ಗುರುವಾರ... ಐದು ಹಳ್ಳಿ, ಏಳು ಜನ, ಒಂದೇ ಗಾಡಿ.

ಶಾಂಭವಿ ಎಂಬ ಎಂ.ಟೆಕ್ ವಿದ್ಯಾರ್ಥಿನಿ ಪ್ರಾಜೆಕ್ಟಿಗೆಂದು ಆ ಊರಿಗೆ ಬಂದಳು. ಅವಳ ವಿಷಯ ಆಪರೇಶನ್ಸ್ ರಿಸರ್ಚ್.

ಅಂದರೆ... ಇರುವ ಗಾಡಿ, ಇರುವ ದಾರಿ, ಇರುವ ಜನ. ಅಷ್ಟರಲ್ಲೇ ಸಮಯವೂ ಡೀಸೆಲ್ಲೂ ಉಳಿಯುವಂತೆ ಲೆಕ್ಕ ಹಾಕುವ ವಿದ್ಯೆ.

ಬಾಡಿಗೆ ಕೋಣೆ, ಖಾನಾವಳಿ ಊಟ, ಲ್ಯಾಪ್‌ಟಾಪು. ಯಾರು ಎಲ್ಲಿ ಹತ್ತುತ್ತಾರೆ, ಎಷ್ಟೊತ್ತಿಗೆ ಇಳಿಯುತ್ತಾರೆ ಎಂಬುದೆಲ್ಲ ಡ್ರೈವರ್ ಮೌಲಾಸಾಬನ ಫೋನಿನಿಂದಲೇ ಬರುತ್ತಿತ್ತು. ರೋಗಿಗಳಲ್ಲಿ ಒಬ್ಬರನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ.

ರೋಗಿಗಳ ಪಟ್ಟಿಯ ಒಂದು ಸಾಲು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು.

ಫಕೀರಪ್ಪ ಬಡಿಗೇರ, ಅರವತ್ತೆರಡು ವರ್ಷ. ಮನೆಯಿಂದ ಆಸ್ಪತ್ರೆಗೆ ನಾಲ್ಕೇ ಕಿಲೋಮೀಟರ್.

ಆದರೆ ಗಾಡಿ ಬೆಳಗ್ಗೆ ಹೊರಡುವಾಗಲೇ ಅವರನ್ನು ಹತ್ತಿಸಿಕೊಂಡು, ಉಳಿದ ನಾಲ್ಕು ಹಳ್ಳಿ ಸುತ್ತಿ, ಮತ್ತೆ ಅವರ ಮನೆ ಮುಂದಿನಿಂದಲೇ ಆಸ್ಪತ್ರೆಗೆ ಬರುತ್ತಿತ್ತು!

ಹತ್ತು ನಿಮಿಷದ ದಾರಿಗೆ ಎರಡು ತಾಸು... ಕಾಯಿಲೆಯ ಮನುಷ್ಯನನ್ನು ಹೀಗೆ ಸುತ್ತಾಡಿಸುವುದೇ?

ಅವಳು ಲೆಕ್ಕ ಬದಲಿಸಿದಳು. ಫಕೀರಪ್ಪನವರನ್ನು ಹೋಗುವಾಗ ಅಲ್ಲ, ಬರುವಾಗ ಕೊನೆಗೆ ಹತ್ತಿಸಿಕೊಳ್ಳಬೇಕು. ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಲಾಭ ಅವರಿಗೇ!

ಕಾಲೇಜಿನ ಗೈಡ್ ಫೋನಿನಲ್ಲೇ ಭೇಷ್ ಅಂದರು. ಮೌಲಾಸಾಬ ಮಾತ್ರ ತಲೆ ಕೆರೆದುಕೊಂಡ.

"ಆತು ಬಿಡ್ರಿ ಮೇಡಂ, ನೀವು ಕಲತಾವ್ರು..."

ಮೂರು ವಾರ ಕಳೆಯಿತು. ಒಂದು ಗುರುವಾರ ಫಕೀರಪ್ಪನವರ ಹೆಸರಿನ ಮುಂದೆ ಗೈರು ಎಂದಿತ್ತು.

ಸೋಮವಾರ ಬೆಳಗ್ಗೆ ಗಾಡಿ ಹೊರಡಿಸುವ ಮೊದಲೇ ಮೌಲಾಸಾಬ ಫೋನ್ ಮಾಡಿದ. "ಮೇಡಂ, ಬಡಿಗೇರ ಕಾಕಾ ಫೋನಿನ್ಯಾಗ ಇವತ್ತೂ ಒಲ್ಲೆ ಅನ್ನಾಕತ್ಯಾನ್ರಿ. ಹಿಂಗಾದ್ರ ಮನಷ್ಯಾ ಉಳಿಯಾಂಗಿಲ್ರಿ."

ಅವಳು ಸ್ಕೂಟಿ ಹತ್ತಿ ಓಡಿದಳು.

ಒಂದೇ ಕೋಣೆಯ ಮನೆ. ಹೆಂಡತಿ ತೀರಿಹೋಗಿ ಆರು ವರ್ಷ, ಮಕ್ಕಳಿಲ್ಲ. ಫಕೀರಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಹಿಂದಿನ ಡಯಾಲಿಸಿಸ್ ತಪ್ಪಿ ಕಾಲುಗಳು ಬಾತು ಚಪ್ಪಲಿಯೊಳಗೆ ಹಿಡಿಸದಂತಾಗಿದ್ದವು.

"ಕಾಕಾ, ಯಾಕ್ರೀ ಒಲ್ಲೆ ಅಂತೀರಿ? ಗಾಡಿ ಬಾಗಿಲಿಗೇ ಬರ್ತೈತಲ್ರಿ?"

"ನೀ ಯಾರವ್ವಾ?"

"ಗಾಡಿ ಟೈಮ್ ಬದಲ್ ಮಾಡಿದಾಕಿ ನಾನ ರೀ..."

ಅವರು ಅವಳನ್ನೇ ನೋಡಿದರು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ.

"ಹೌದನು? ಕುಂದ್ರು ಬಾ."

"ನಿಮ್ಮವು ಎರಡು ತಾಸು ಉಳಿತಾವಂತ ಮಾಡಿದ್ನಿ ಕಾಕಾ..."

"ಉಳದಾವ, ಖರೆ. ಏನ್ ಮಾಡ್ಲೆವ್ವಾ ಅವನ್ನ? ಇದ ಕಟ್ಟಿ ಮ್ಯಾಲ ಕುಂತು ಗಾಡಿ ಹಾದಿ ಕಾಯ್ತೀನಿ."

ಬಾತ ಕಾಲು ನೀವಿಕೊಳ್ಳುತ್ತಾ ಹೇಳಿದರು.

"ವಾರದಾಗ ಎರಡ ದಿನ ನನ್ನ ಕೂಡ ಮಂದಿ ಮಾತಾಡ್ತಿದ್ರು. ಈಗ ನಾ ಹತ್ತೂದ್ರಾಗ ಎಲ್ಲಾರೂ ಗಪ್. ದವಾಖಾನಿ ಸನೇಕ ಬಂತಂದ್ರ ಸೂಜಿ ನೆನಪಾಗ್ತೈತಿ, ಯಾರೂ ಬಾಯಿ ಬಿಡಾಂಗಿಲ್ಲ. ತಿರುಗಿ ಬರೂ ಮುಂದ ಸುಸ್ತಾಗಿ ಮಕ್ಕೊಂಡಿರ್ತಾರ..."

"ಅಂಜಿಕಿಯ ಹತ್ತು ನಿಮಿಷ ಅಷ್ಟ ನನ್ನ ಪಾಲಿಗೆ ಉಳದೈತಿ. ಅದಕ್ಕಾಗಿ ರಕ್ತ ತೊಳಸ್ಕೊಂಡು ಬದುಕೂದು ಯಾಕವ್ವಾ?"



ಕಂಪ್ಯೂಟರ್ ತಪ್ಪು ಹೇಳಿರಲಿಲ್ಲ. ದಾರಿ ಚಿಕ್ಕದು ಮಾಡು ಅಂದಿದ್ದಳು ಶಾಂಭವಿ, ಮಾಡಿತ್ತು. ಚಿಕ್ಕದು ಬೇಕೇನು ಅಂತ ಮನುಷ್ಯನನ್ನು ಕೇಳಿದ್ದು ಯಾರು?

ಅಷ್ಟರಲ್ಲಿ ಊರ ಕಡೆಯಿಂದ ಖಾಲಿ ವ್ಯಾನ್ ಬರುವ ಸದ್ದಾಯಿತು. ಹಳ್ಳಿಗಳ ಕಡೆ ಹೊರಟಿತ್ತು. ಅವಳು ರಸ್ತೆಗೆ ಓಡಿ ಎರಡೂ ಕೈ ಬೀಸಿದಳು.

ಮೌಲಾಸಾಬ ತಲೆ ಹೊರಹಾಕಿದ. "ಏನ್ ಮೇಡಂ, ಹಳೇ ಟೈಮೇನ್ರಿ?"

"ಹಳೇ ಟೈಮ್ ರೀ!"

ಫಕೀರಪ್ಪನವರು ಅಲುಗಲಿಲ್ಲ. ಮೌಲಾಸಾಬ ತಾನೇ ಇಳಿದು ಬಂದು ರಟ್ಟೆ ಹಿಡಿದ.

"ಏಳ ಕಾಕಾ. ಮೂರು ವಾರಾತು, ನನ್ನ ಡ್ರೈವಿಂಗಿಗೆ ಹೆಸರಿಡಾವ್ರ ಇಲ್ಲ. ಖಾಲಿ ಗಾಡಿ ಹೊಡದು ಹೊಡದು ಬ್ಯಾಸತ್ತೇನಿ."

ಶಾಂಭವಿಯೂ ಸ್ಕೂಟಿ ಅಲ್ಲೇ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತಳು.

ಮುಂದಿನ ಹಳ್ಳಿಯಲ್ಲಿ ಗಂಗವ್ವ ಎಂಬ ಹೆಂಗಸು ಕಾಯುತ್ತಿದ್ದಳು. ಬಾಗಿಲು ತೆಗೆದದ್ದೇ ತಡ, ಸೊಂಟದ ಮೇಲೆ ಕೈ ಇಟ್ಟಳು.

"ಏನೋ ಬಡಿಗೇರಣ್ಣಾ, ಇನ್ನಾ ಅದೀ? ನೀ ಹೋದಿ ಅಂತ ತಿಳದು ನಿನ್ನ ಜಾಗಾದಾಗ ನನ್ನ ಚೀಲಾ ಇಡಾಕತ್ತಿದ್ನಿ!"

"ತಗಿ ಬೇ ನಿನ್ನ ಚೀಲಾ!" ಅಂದರು ಫಕೀರಪ್ಪ. ಆ ದಿನ ಮೊದಲ ಸಲ ಅವರ ದನಿ ಏರಿತ್ತು.

ಆಮೇಲೆ ಗಂಗವ್ವ ಸೊಸೆಯ ಸುದ್ದಿ ತೆಗೆದಳು. ಡಾಕ್ಟರು ಉಪ್ಪು ಬೇಡ ಅಂದಿದ್ದಕ್ಕೆ ಸೊಸೆ ಉಪ್ಪಿನ ಡಬ್ಬಿಯನ್ನೇ ಬಚ್ಚಿಟ್ಟಿದ್ದಳು. ಅತ್ತೆ ಹುಡುಕಿದ್ದೇ ಹುಡುಕಿದ್ದು... ಒಲೆಯ ಹಿಂದೆ, ಹಿಟ್ಟಿನ ಡಬ್ಬಿಯಲ್ಲಿ, ಕೊನೆಗೆ ಸೊಸೆಯ ಟ್ರಂಕಿನಲ್ಲಿ...

ಹಳ್ಳಿಯ ಮೇಲೆ ಹಳ್ಳಿ ಹೋಯಿತು. ಒಬ್ಬೊಬ್ಬರೇ ಹತ್ತಿದರು, ನಕ್ಕರು.

ಆಸ್ಪತ್ರೆಯ ಗೇಟು ಕಂಡಿತು. ಗಂಗವ್ವನ ಮಾತು ನಡುವೆಯೇ ನಿಂತಿತು. ಇಡೀ ಗಾಡಿ ಗಪ್ಪಾಯಿತು.

ಆ ಮೌನದಲ್ಲಿ ಫಕೀರಪ್ಪನವರು ಮೆಲ್ಲಗೆ ಅವಳ ಕಡೆ ವಾಲಿದರು.

"ಸಿಕ್ತೇನ ಬೇ... ಡಬ್ಬಿ?"

ಗಂಗವ್ವ ಅವರ ಬಾತ ಕಾಲು ನೋಡಿದಳು. ಮುಖ ನೋಡಿದಳು.

"ಗುರುವಾರ ಹೇಳ್ತೀನಿ. ಕೇಳಬೇಕಂದ್ರ ಬರಬೇಕು."

"...ಬರ್ತೀನಿ."

ಹಿಂದಿನ ಸೀಟಿನಲ್ಲಿ ಶಾಂಭವಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

*ಒಬ್ಬರ ಸಮಯ ಉಳಿಸಲು ಹೋಗಿ ಅವರ ಜೊತೆಗಾರರನ್ನೇ ಕಳೆದುಬಿಡಬಾರದು.*

ಅವರ ಒಳ್ಳೆಯದಕ್ಕೇ ಅಂತ ನೀವು ಯಾರದೋ ದಾರಿ ಚಿಕ್ಕದು ಮಾಡಿದ್ದೀರಲ್ಲ... ಅವರನ್ನು ಒಂದು ಮಾತು ಕೇಳಿದ್ದಿರಾ?