ಕಮಾನಿನ ಕೆಳಗೆ

"ಈ ಕಮಾನು ಒಂಚೂರೂ ಜಗ್ಗಿಲ್ಲ ತಾಯಿ. ನಮ್ಮಜ್ಜನ ಕಾಲದ ಭೂಕಂಪಕ್ಕೇ ಅಲ್ಲಾಡಿಲ್ಲ!" ಎಂದ ಚರ್ಚಿನ ಕಾವಲುಗಾರ ದೋನ್ ನಿಕಾನೊರ್, ಕಮಾನಿನ ಹೊರಗೇ ನಿಂತು.

ಓಡಿಲಿಯಾ ಕಮಾನಿನ ಕೆಳಗಿನಿಂದ ತಲೆಯೆತ್ತಿದಳು. ನೆತ್ತಿಯ ಕಲ್ಲು ಎಷ್ಟು ಜಾರಿದೆಯೆಂದು ನೋಡಿ, ಹಿಂದಿನ ಭೂಕಂಪ ಎಷ್ಟು ಜೋರಾಗಿತ್ತೆಂದು ಹೇಳುವುದು ಅವಳ ಕೆಲಸ. ಆಂಟಿಗುವಾದ ಮುರುಕು ಚರ್ಚುಗಳನ್ನೆಲ್ಲ ಹೀಗೇ ನೋಡಿ ನೋಡಿ ಕತ್ತು ಹಿಡಿದುಕೊಂಡಿತ್ತು. ಇಲ್ಲಿ ನೋಡಿದರೆ ಕಲ್ಲಿನ ಸಂದಿಗೆಲ್ಲ ಹೊಸ ಗಾರೆ; ಕಲ್ಲು ಜಾರಿದ್ದರೂ ಕಾಣುವಂತಿರಲಿಲ್ಲ.

"ಇದನ್ನ ಯಾರು ಮೆತ್ತಿದ್ದು?"

"ನಾನೇ. ಭಾನುವಾರ ಇಲ್ಲೇ ಮೊಮ್ಮಗಳ ಮದುವೆ. ಚೆಂದ ಕಾಣ್ಲಿ ಅಂತ ಮೆತ್ತಿದೆ. ನೀವು ಏನೇನೋ ಬರೆದು ಬೀಗ ಹಾಕಿಸ್ಬೇಡಿ ಮತ್ತೆ."

ವಾದ ಮಾಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. "ಆಯ್ತು, ಅಗಲವನ್ನಾದ್ರೂ ಅಳೆಯೋಣ. ಒಳಗೆ ಬಂದು ಈ ಟೇಪಿನ ತುದಿಯನ್ನ ಎದುರಿನ ಗೋಡೆಗೆ ಹಿಡ್ಕೊಳ್ಳಿ" ಎಂದಳು.

ನಿಕಾನೊರ್ ಕಮಾನಿನ ಅಂಚಿನವರೆಗೆ ಬಂದ. ಸೊಂಟ ಬಗ್ಗಿಸಿ, ಕೈಯನ್ನು ಆದಷ್ಟೂ ಒಳಗೆ ಚಾಚಿ ಟೇಪು ಹಿಡಿದ. ಅದು ಎದುರಿನ ಗೋಡೆಗೆ ಮುಟ್ಟಲಿಲ್ಲ. ಆದರೂ ಅವನ ಕಾಲುಗಳು ಹೊರಗೇ ಇದ್ದವು.

ಓಡಿಲಿಯಾ ಆ ಕಾಲುಗಳನ್ನೇ ನೋಡಿದಳು. "ಭಾನುವಾರ ಮೊಮ್ಮಗಳನ್ನ ಎಲ್ಲಿ ನಿಲ್ಲಿಸ್ತೀರಿ, ದೋನ್ ನಿಕಾನೊರ್?"

ಮುದುಕನ ಕೈಯಿಂದ ಟೇಪು ಜಾರಿತು.

"ನೀವು ಮೊದ್ಲು ಆಚೆ ಬನ್ನಿ ತಾಯಿ" ಎಂದ.